ಪಾತಾಳದಲ್ಲಿ ಪಾಠಶಾಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ತಂದೆ-ತಾಯಿಗಳು ಮಕ್ಕಳನ್ನು ಬೆಂಗಳೂರಿಗೆ ಓದಲು ಕಳಿಸುವಾಗ ವೃಥಾ ಚಿಂತೆ ಮಾಡುತ್ತಾರೆ. ಫೀ ಎಷ್ಟಾದೀತು, ಹಾಸ್ಟೆಲ್ಲಿನ ಅನ್ನ ಒಗ್ಗೀತೇ, ಮೇಷ್ಟ್ರು ಸರಿಯಾಗಿ ಕಲಿಸಿಯಾರೇ ಎಂದು ನಿದ್ದೆಗೆಡುತ್ತಾರೆ. ಮೇಷ್ಟ್ರು ಕಲಿಸದಿದ್ದರೂ ನಡೆಯುತ್ತದೆ. ನಿಜವಾದ ವಿದ್ಯಾಭ್ಯಾಸದ ಹೊಣೆಯನ್ನು ನಮ್ಮ ಮೆಟ್ರೋ, ಅದರಲ್ಲೂ ಅದರ ಸುರಂಗದ ಭಾಗ, ಯಾರೂ ಕೇಳದೆಯೇ ಹೊತ್ತುಕೊಂಡಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಕಂಬಗಳ ಮೇಲೆ ಓಡಲು ಆರಂಭಿಸಿದ ಈ ರೈಲು 2016ರ ಏಪ್ರಿಲ್ ಕೊನೆಗೆ ನೆಲದಡಿಗೂ ಇಳಿಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೋ ಎಂಬ ಬಿರುದು ಅದರದ್ದೇ.

ಈ ಪಾಠಶಾಲೆಗೆ ನಮ್ಮ ಭಾಗದವರಷ್ಟು ಅರ್ಹರು ಬೇರೆ ಸಿಗಲಾರರು. ಅಥಣಿ, ನಿಪ್ಪಾಣಿ ಪಟ್ಟಣಗಳಲ್ಲಿ ನೆಲದ ಮೇಲಿನ ರೈಲೇ ಇಲ್ಲ. ಆದ್ದರಿಂದ ಅಲ್ಲಿನ ಮಕ್ಕಳಿಗೆ ಒಂದು ತರಗತಿ ಉಳಿತಾಯ, ಸೀದಾ ನೆಲದಡಿಯ ರೈಲಿಗೇ ಬಡ್ತಿ. ಚಿಕ್ಕೋಡಿಯ ಹೆಸರು ಹೊತ್ತ ರೈಲು ನಿಲ್ದಾಣ ಚಿಕ್ಕೋಡಿಯಿಂದ ದೂರ ಇರುವುದರಿಂದ ಅಲ್ಲಿನವರಿಗೆ ನಡೆಯುವ, ಕಾಯುವ ಅಭ್ಯಾಸ ಮೊದಲೇ ಆಗಿದೆ. ಇನ್ನು ಮಳೆಗಾಲದಲ್ಲಿ ಕಲ್ಲೋಳ-ಯಡೂರು, ಕುಡಚಿ-ಉಗಾರ ಸೇತುವೆಗಳು ಕೃಷ್ಣೆಯಲ್ಲಿ ಮುಳುಗುವುದು ನಮ್ಮ ವಾರ್ಷಿಕ ಜಾತ್ರೆ. ಸೇತುವೆಯೇ ನೀರಿನಡಿ ಇರುವುದನ್ನು ಕಂಡು ಬೆಳೆದವನಿಗೆ ರೈಲು ಮಣ್ಣಿನಡಿ ಓಡಿದರೆ ಅದೇನು ಮಹಾ!

ರಾಜಧಾನಿ ನಮ್ಮನ್ನು ಮರೆತಿದೆ ಎನ್ನುವವರು ಕೃತಘ್ನರು. ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಸುರಂಗ ಕೊರೆದ ಯಂತ್ರಗಳಲ್ಲಿ ಒಂದಕ್ಕೆ ಕೃಷ್ಣಾ ಎಂದೇ ಹೆಸರಿಟ್ಟಿದ್ದರು. ನಮ್ಮ ಕೃಷ್ಣೆ ಬೇಸಿಗೆಯಲ್ಲಿ ಬತ್ತಿದರೇನು, ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆದರೇನು? ಬೆಂಗಳೂರಿನ ಕೃಷ್ಣೆ ಬಂಡೆಯನ್ನೇ ಕೊರೆದು ದಾರಿ ಮಾಡಿಕೊಂಡಳು. ಹೆಸರು ನಮ್ಮದು, ದಾರಿ ಅವರದು. ಇದಕ್ಕಿಂತ ನ್ಯಾಯವಾದ ಹಂಚಿಕೆ ಉಂಟೆ?

ಮೊದಲ ಪಾಠ ಶುರುವಾಗುವುದು ತಪಾಸಣೆಯಲ್ಲಿ. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ಹುಡುಗ ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಕಣ್ಣುಜ್ಜಿಕೊಳ್ಳುತ್ತ ಮೆಟ್ರೋ ಮೆಟ್ಟಿಲಿಳಿಯುತ್ತಾನೆ. ಚೀಲ ಯಂತ್ರದೊಳಗೆ ಹೋಗುತ್ತದೆ. ಅವ್ವ ಪಂಚೆಯಲ್ಲಿ ಬಿಗಿದು ಕಟ್ಟಿದ ಖಡಕ್ ರೊಟ್ಟಿಯ ಅಟ್ಟಿ ಪರದೆಯ ಮೇಲೆ ಕಿತ್ತಳೆ ಬಣ್ಣದ ಗುಂಡನೆಯ ಗಟ್ಟಿ ವಸ್ತುವಾಗಿ ಮೂಡುತ್ತದೆ. ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ, ಅದರಾಚೆ ಇನ್ನೊಂದು ಡಬ್ಬಿ. ಕಾವಲುಗಾರರು ಬೆಲ್ಟ್ ನಿಲ್ಲಿಸುತ್ತಾರೆ.

‘ಏನಿದು?’

‘ರೊಟ್ಟಿ ರೀ.’

‘ಇಷ್ಟೊಂದಾ?’

‘ತಿಂಗಳಾ ಪೂರ್ತಿ ಬರಬೇಕಲ್ರೀ.’

ಹಿಂದೆ ಸಾಲು ಬೆಳೆಯುತ್ತದೆ. ಉತ್ತರ ಕರ್ನಾಟಕದ ಆಹಾರ ಪದ್ಧತಿಯನ್ನು ರಾಜಧಾನಿಗೆ ಇಷ್ಟು ಶ್ರದ್ಧೆಯಿಂದ ಪರಿಚಯಿಸುವ ಸಂಸ್ಥೆ ಇನ್ನೊಂದಿಲ್ಲ. ಆದರೆ ಹಸಿವಾಯಿತೆಂದು ರೈಲಿನೊಳಗೆ ಗಂಟು ಬಿಚ್ಚಬಾರದು. 2025ರ ಏಪ್ರಿಲ್‌ನಲ್ಲಿ ಬೋಗಿಯಲ್ಲಿ ತಿಂದ ಪ್ರಯಾಣಿಕರೊಬ್ಬರಿಗೆ 500 ರೂಪಾಯಿ ದಂಡ ಬಿದ್ದಿದೆ. ಉಪವಾಸದ ಮಹಿಮೆಯನ್ನು ಮಠಗಳಿಗಿಂತ ಚೆನ್ನಾಗಿ ಸಾರುವ ರೈಲು ಇದು.

ಉಡುಪಿನ ಪಾಠವನ್ನೂ ಮೆಟ್ರೋ ಕಡೆಗಣಿಸಿಲ್ಲ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆ ಎಂದು ತಡೆದರು, ಟಿಕೆಟ್ ಕೈಯಲ್ಲಿದ್ದರೂ. ಸಹಪ್ರಯಾಣಿಕರು ಜಗಳ ತೆಗೆದರು, ವಿಡಿಯೋ ಊರೆಲ್ಲ ಹರಿದಾಡಿತು, ತಡೆದ ಸಿಬ್ಬಂದಿಯ ಕೆಲಸ ಹೋಯಿತು. ಕಬ್ಬಿನ ಗದ್ದೆಯಿಂದ ಎದ್ದುಬಂದ ನಮ್ಮ ಹುಡುಗರು ಇದರಿಂದ ತಿಳಿಯಬೇಕಾದದ್ದು ಇಷ್ಟೆ: ಸಕ್ಕರೆ ಯಾವತ್ತೂ ಬೆಳ್ಳಗಿರಬೇಕು, ಕಬ್ಬು ಕಡಿದವನ ಅಂಗಿ ಅದಕ್ಕಿಂತ ಬೆಳ್ಳಗಿರಬೇಕು.

ಮುಂದಿನ ತರಗತಿ ಮೆಜೆಸ್ಟಿಕ್‌ನಲ್ಲಿ. ನೇರಳೆ ಮಾರ್ಗವೂ ಹಸಿರು ಮಾರ್ಗವೂ ಇಲ್ಲಿ ಒಂದರ ಮೇಲೊಂದು ಹಾಯುತ್ತವೆ. ನಮ್ಮ ಬಸ್‌ ನಿಲ್ದಾಣದಲ್ಲಿ ಕಂಡಕ್ಟರ್ ನಡುವಿನ ಊರುಗಳನ್ನೆಲ್ಲ ಕೂಗಿ ಕರೆದು ಹತ್ತಿಸಿಕೊಳ್ಳುತ್ತಾನೆ. ಅದು ಹಿಂದುಳಿದ ಪದ್ಧತಿ. ಇಲ್ಲಿ ಯಾರೂ ಕೂಗುವುದಿಲ್ಲ. ಯಶವಂತಪುರಕ್ಕೆ ಹೋಗಬೇಕಾದವನು ಮಾದಾವರದ ಬೋರ್ಡ್ ಹುಡುಕಬೇಕು, ಇಂದಿರಾನಗರದವನು ವೈಟ್‌ಫೀಲ್ಡ್ ಎಂದು ನೆನಪಿಡಬೇಕು. ಹೋಗದ ಊರಿನ ಹೆಸರು ತಿಳಿಯದಿದ್ದರೆ ಹೋಗುವ ಊರು ಸಿಗದು ಎಂಬ ಈ ಅಧ್ಯಾತ್ಮ ಯಾವ ಪಠ್ಯಪುಸ್ತಕದಲ್ಲಿದೆ? ಇಷ್ಟರಲ್ಲಿ ಹುಡುಗನಿಗೆ ಧೈರ್ಯ ಕೊಡುವುದು ಧ್ವನಿವರ್ಧಕದ ಅಚ್ಚಗನ್ನಡ. 2024ರ ಜುಲೈನಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ನಿಲ್ದಾಣಗಳ ಹೆಸರನ್ನು ಉಚ್ಚರಿಸಿಟ್ಟ ಚಂದವನ್ನು ಮಾತ್ರ ವ್ಯಂಗ್ಯವಿಲ್ಲದೆ ಹೊಗಳಬೇಕು.

ಮೆಜೆಸ್ಟಿಕ್ ದಾಟಿದರೆ ಸೆಂಟ್ರಲ್ ಕಾಲೇಜು, ಅದರ ಮುಂದಿನದೇ ವಿಧಾನಸೌಧ. ಪ್ರತ್ಯೇಕ ಚಿಕ್ಕೋಡಿ ಜಿಲ್ಲೆ ಬೇಕೆಂಬ ನಮ್ಮವರ ಮನವಿ ದಶಕಗಳಿಂದ ಮೇಲಿನ ಕಟ್ಟಡದಲ್ಲಿ ಕೂತಿದೆ. ಅದೇ ವಿಧಾನಸೌಧಕ್ಕೆ ನಮ್ಮ ಹುಡುಗ ಮೆಜೆಸ್ಟಿಕ್‌ನಿಂದ ಕೆಲವೇ ನಿಮಿಷಗಳಲ್ಲಿ ಬಂದು, ಅಷ್ಟೇ ಬೇಗ ಮುಂದಕ್ಕೂ ಹೋಗುತ್ತಾನೆ. ಮನವಿಗಳನ್ನೂ ಒಂದು ಸ್ಮಾರ್ಟ್‌ಕಾರ್ಡ್ ಕೊಟ್ಟು ಕೆಳಗಿನಿಂದಲೇ ಕಳಿಸಿದ್ದರೆ ಚೆನ್ನಾಗಿತ್ತು.

ಕೊನೆಗೆ ಅರ್ಥಶಾಸ್ತ್ರ. 2025ರ ಫೆಬ್ರುವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಸ್ಮಾರ್ಟ್‌ಕಾರ್ಡ್ ಇದ್ದವರೆಲ್ಲರಿಗೂ ಶೇ 5ರ ರಿಯಾಯಿತಿ ಉಳಿಯಿತು. ವಿದ್ಯಾರ್ಥಿಗಳಿಗೆಂದು ಬೇರೆ ಏನೂ ಇಡಲಿಲ್ಲ. ಇದು ದೊಡ್ಡ ಗೌರವ: ಇನ್ನೂ ಒಂದು ರೂಪಾಯಿ ದುಡಿಯದ ಹುಡುಗನನ್ನು ಐ.ಟಿ. ಕಂಪನಿಯ ಮ್ಯಾನೇಜರನ ಸರಿಸಮ ಕೂರಿಸಿದ ಸಮಾನತೆ. ಆಚೆ ಪುಣೆಯನ್ನು ನೋಡಿ. ನಿಪ್ಪಾಣಿಯಿಂದ ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ಅರ್ಧದಷ್ಟೂ ದೂರವಿಲ್ಲ, ಸುರಂಗ ಮೆಟ್ರೋ ಅಲ್ಲೂ ಇದೆ, ವಿದ್ಯಾರ್ಥಿಗಳಿಗೆ ಶೇ 30ರ ರಿಯಾಯಿತಿಯೂ ಇದೆ. ಎಂಥ ಪುಸಲಾವಣೆ!

ಆದ್ದರಿಂದ ಐದೂ ತಾಲ್ಲೂಕುಗಳ ಪಾಲಕರಲ್ಲಿ ವಿನಂತಿ. ಗಡಿಯಲ್ಲಿ ಕನ್ನಡ ಉಳಿಸಿ ಎಂದು ನವೆಂಬರ್ ಒಂದಕ್ಕೆ ಭಾಷಣ ಕೇಳುವ ನೀವು ಆ ಅಗ್ಗದ ಟಿಕೆಟ್ಟಿಗೆ ಮರುಳಾಗಬೇಡಿ. ಮಕ್ಕಳನ್ನು ಬೆಂಗಳೂರಿಗೇ ಕಳಿಸಿ, ಪೂರ್ತಿ ದರ ಕಟ್ಟಲು ಹೇಳಿ. ಕನ್ನಡಾಭಿಮಾನಕ್ಕೆ ರಿಯಾಯಿತಿ ಇರುವುದಿಲ್ಲ.