ಮನೆನೋಡುಗರ ಲಕ್ಷಣ ನಿರೂಪಣೆ

ರಜೆಯಲ್ಲಿ ಸಕುಟುಂಬವಾಗಿ ಹೊರಟು, ದೊಡ್ಡವರೊಬ್ಬರು ಬಾಳಿದ ಮನೆಯೊಳಗೆ ಟಿಕೆಟ್ ಪಡೆದು ಹೋಗುವ ಜೀವಿಗೆ ಮನೆನೋಡುಗ ಎಂದು ಹೆಸರು. ಬಾಡಿಗೆಗೆ ಮನೆ ನೋಡುವವರು ಈ ಲಕ್ಷಣಕ್ಕೆ ಹೊರಗು. ಅವರಿಗೆ ಟಿಕೆಟ್ ಇಲ್ಲ. ಅಧ್ಯಯನಕ್ಷೇತ್ರ: ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ಕುವೆಂಪು ಬೆಳೆದ ಕವಿಮನೆ. ಅವರು ಹುಟ್ಟಿದ್ದು 1904ರಲ್ಲಿ, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಇದನ್ನು ಹೇಳಿದರೆ ಕೆಲವು ಮನೆನೋಡುಗರು ಮೋಸಹೋದವರ ಮುಖ ಮಾಡುತ್ತಾರೆ.

ಮೊದಲನೆಯದು ಧಾವಕ ವರ್ಗ. ಬೆಳಿಗ್ಗೆ ಶೃಂಗೇರಿ, ಸಂಜೆ ಆಗುಂಬೆಯ ಸೂರ್ಯಾಸ್ತ, ನಡುವೆ ಇದು. ಸೂರ್ಯ ಯಾರಿಗೂ ಕಾಯುವವನಲ್ಲ. ಆದ್ದರಿಂದ ಮೂರು ಅಂತಸ್ತನ್ನೂ ಒಂದೇ ಉಸಿರಿಗೆ ಹತ್ತಿಳಿದು ಚಪ್ಪಲಿ ಮೆಟ್ಟುತ್ತದೆ. ಎರಡನೆಯದು ಮೌಲ್ಯಮಾಪಕ. ಕಂಬವನ್ನು ಬೆರಳಗಂಟಿನಿಂದ ತಟ್ಟಿ, ‘ಇಷ್ಟು ಮರಕ್ಕೆ ಈಗೆಷ್ಟಾಗಬಹುದು?’ ಎನ್ನುತ್ತದೆ. ಇವೆರಡರ ಬಗ್ಗೆ ಹೆಚ್ಚು ಶಾಯಿ ಖರ್ಚು ಮಾಡಬೇಕಿಲ್ಲ.

ಶಾಸ್ತ್ರಕ್ಕೆ ನಿಜವಾದ ಗ್ರಾಸ ಒದಗಿಸುವುದು ‘ನಮ್ಮನೇಲೂ ಇತ್ತು’ ವರ್ಗ. ಇದರ ಆವಾಸ ಅಡುಗೆಮನೆ ಮತ್ತು ಬಚ್ಚಲು. ಹಂಡೆ ಕಂಡೊಡನೆ ಸ್ವರ ಏರುತ್ತದೆ:

‘ನಮ್ಮತ್ತೆ ಮನೇಲಿ ಇದರಪ್ಪನಂಥದ್ದು ಇತ್ತು ಕಣೇ!’

‘ಈಗೆಲ್ಲಿದೆ ಅತ್ತೆ ಅದು?’

‘ನೀನು ಬಂದ ವರ್ಷ ಗೀಸರ್ ಹಾಕಿಸಿದ್ವಲ್ಲ, ಆವಾಗ ತೂಕಕ್ಕೆ ಕೊಟ್ಟು ಕುಕ್ಕರ್ ತಗೊಂಡ್ವಿ.’

ಸೊಸೆ ಕುಕ್ಕರಿನ ಋಣಕ್ಕೆ ಕಟ್ಟುಬಿದ್ದು ಸುಮ್ಮನಾದಳು. ಇದರಿಂದ ಸಿದ್ಧವಾಗುವ ಸೂತ್ರ: ಸ್ವಗೃಹದಲ್ಲಿ ಕಾಲಿಗೆ ತೊಡರಿದ್ದು ಪರಗೃಹದಲ್ಲಿ ಪರಂಪರೆ. ವೃತ್ತಿ: ಈ ವರ್ಗ ಟಿಕೆಟ್ ಕೊಟ್ಟು ನೋಡುವುದು ಕವಿಯ ಮನೆಯನ್ನಲ್ಲ, ತಾನೇ ಗುಜರಿಗೆ ಹಾಕಿದ್ದನ್ನು. ಅಪವಾದ: 1937ರಲ್ಲಿ ಕುವೆಂಪು ಮತ್ತು ಹೇಮಾವತಿಯವರ ಮದುವೆ ನಡೆದ ಮಂಟಪ. ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲವಾಗಿ ಅದರ ಮುಂದೆ ಕ್ಷಣಕಾಲ ಮೌನ. ಮರುಕ್ಷಣ ಕಲ್ಯಾಣಮಂಟಪದ ಬಾಡಿಗೆಯ ಮಾತು.

ಓದುಗ ವರ್ಗ ವಿರಳ, ನಿರುಪದ್ರವಿ, ಆದರೆ ಸಿಬ್ಬಂದಿಗೆ ಕಷ್ಟ. ಕುವೆಂಪು ಕಾದಂಬರಿಯ ಸುಬ್ಬಮ್ಮ ಹೆಗ್ಗಡಿತಿಯ ಕೋಣೆ ಯಾವುದೆಂದು ಕೇಳುತ್ತದೆ, ಅಂಗಳದಲ್ಲಿ ನಾಯಿ ಮಲಗಿದ್ದರೆ ಇನ್ನೊಂದು ಕಾದಂಬರಿಯ ನಾಯಿಯ ಹೆಸರು ಹಿಡಿದು ‘ಹುಲಿಯಾ’ ಎಂದು ಕೂಗಿ ನೋಡುತ್ತದೆ. ನನ್ನ ಪಕ್ಷಪಾತ ಇದರ ಕಡೆಗೇ. ಇಲ್ಲದ ಹೆಗ್ಗಡಿತಿಗೆ ಕೋಣೆ ಹುಡುಕುವವರು ಇರುವ ಮನೆಯನ್ನೂ ಚೆನ್ನಾಗಿ ನೋಡಿರುತ್ತಾರೆ.

ಕೊನೆಯದು ಉತ್ಕೀರ್ಣಕ. ಮನೆಯ ಮೇಲಿನ ಕವಿಶೈಲದ ಬಂಡೆಯಲ್ಲಿ ಕುವೆಂಪು ಅವರದಲ್ಲದೆ ಅವರ ಗುರುಗಳಾದ ಬಿ.ಎಂ.ಶ್ರೀ ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳೂ ಕೆತ್ತನೆಯಾಗಿವೆ. ಉತ್ಕೀರ್ಣಕ ಅದನ್ನು ಪರವಾನಗಿ ಎಂದೇ ಓದಿಕೊಂಡು ಜೇಬಿನಿಂದ ಬೈಕಿನ ಕೀ ತೆಗೆಯುತ್ತದೆ. ಇಂಥವರಲ್ಲಿ ಶಾಸ್ತ್ರಕಾರನ ವಿನಂತಿ ಇಷ್ಟೇ: ಮೊದಲು ಮನೆಗೆ ಹೋಗಿ ಒಂದು ಮಹಾಕಾವ್ಯ ಬರೆದು ಮುಗಿಸಿ, ಕೀಯ ವಿಚಾರ ಆಮೇಲೆ ನೋಡೋಣ.