ಮಾತ್ರೆಗೆ ಜಾಮೀನು

ಕೋಲ್ಕತ್ತದ ಲೇಕ್ ಮಾರ್ಕೆಟ್ ಸುತ್ತ ನೆಲೆಸಿದ ನಮ್ಮ ಕಡೆಯವರಿಗೆ ಬಾಳೆಲೆ, ಕರಿಬೇವು, ಕಾಫಿಪುಡಿ ಯಾವುದಕ್ಕೂ ಕೊರತೆಯಿಲ್ಲ. ಸಲಹೆಗಂತೂ ಇಲ್ಲವೇ ಇಲ್ಲ. ಈ ಕೊನೆಯ ಸೌಲಭ್ಯವನ್ನು ಪೂರ್ತಿ ಬಳಸಿಕೊಂಡವರು ಅಂಗಾಲು ರಾಯರು. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ, ಹೆಚ್ಚಾಗಿ ಮಾಡದಿರುವ, ಅಧಿಕಾರಿಯಾಗಿದ್ದು ನಿವೃತ್ತರಾದವರು. ಹಳೆಯ ಸಕ್ಕರೆ ಕಾಯಿಲೆಯಿಂದ ನರ ಸೊರಗಿ ಅಂಗಾಲು ಉರಿ. ರಾತ್ರಿ ಹೊದಿಕೆ ತಾಗಿದರೂ ಚುರ್ ಎನ್ನುತ್ತದೆ. ನೋವು ನಿಜ, ಅದರಲ್ಲಿ ತಮಾಷೆಯಿಲ್ಲ. ತಮಾಷೆ ಇರುವುದು ಮಾತ್ರೆಯ ವಿಚಾರದಲ್ಲಿ.

ಡಾಕ್ಟರು ಪ್ರಿಗ್ಯಾಬಲಿನ್ ಬರೆದುಕೊಟ್ಟರು, ರಾತ್ರಿ ಒಂದು. ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಪಡೆದ ಔಷಧಿ. ರಾಯರಿಗೆ ಮಾತ್ರ ಹೊಸದು. ಬಂದ ಅರ್ಜಿಯನ್ನು ಅದೇ ದಿನ ಮಂಜೂರು ಮಾಡಿದ ಅಪಕೀರ್ತಿ ಅವರಿಗೆ ಸರ್ವಿಸಿನಲ್ಲೇ ಇರಲಿಲ್ಲ. ಅರ್ಜಿದಾರನ ಪೂರ್ವಾಪರ ವಿಚಾರಿಸಿದರು. ಮೂರ್ಛೆರೋಗಕ್ಕೂ ಕೊಡುತ್ತಾರೆಂದು ತಿಳಿಯಿತು.

“ಫಿಟ್ಸಿನ ಮಾತ್ರೆಗೆ ನನ್ನ ಪಾದದಲ್ಲೇನು ಕೆಲಸ?”

ಸುಮ್ಮಸುಮ್ಮನೆ ಅರಚುವ ನರಗಳನ್ನು ತಣ್ಣಗಾಗಿಸುವುದೇ ಎರಡು ಕಡೆಯೂ ಅದರ ಕೆಲಸ ಎಂದು ಡಾಕ್ಟರು ಬಿಡಿಸಿ ಹೇಳಿದರು. ರಾಯರು ತಲೆಯಾಡಿಸಿ ಎದ್ದು, ನೇರ ಇನ್ನೊಬ್ಬ ಡಾಕ್ಟರ ಬಳಿಗೆ ಹೋದರು. ಅವರು ಬರೆದದ್ದು ಡುಲಾಕ್ಸೆಟಿನ್. ಇದೇ ಉರಿಗೆ ಅದನ್ನೂ ಕೊಡುತ್ತಾರೆ, ಆದರೆ ಖಿನ್ನತೆಗೂ ಕೊಡುತ್ತಾರೆ. “ನನಗೇನು ಖಿನ್ನತೆಯೇ?” ಎಂದು ಮನೆಗೆ ಬಂದು ಗುಡುಗಿದರು.

“ನಿಮಗಿಲ್ಲ ಕಣ್ರೀ, ಅದನ್ನ ಈ ಕಡೆ ಕೊಡಿ” ಎಂದರು ಹೆಂಡತಿ.

ಆಮೇಲೆ ಜಾಮೀನುದಾರರ ಹುಡುಕಾಟ. ಬೆಳಗಿನ ಹೊತ್ತು ರಬೀಂದ್ರ ಸರೋಬರದ ಬೆಂಚಿನಲ್ಲಿ ಕೂರುವ ಬಂಗಾಳಿ ದಾದಾಗಳಿಗೆ ಸಕಲ ರೋಗಕ್ಕೂ ಮೂಲ ಗ್ಯಾಸ್. ಹೊಟ್ಟೆಯಿಂದ ಅದು ಅಂಗಾಲಿಗೆ ಇಳಿಯುವ ದಾರಿಯನ್ನೂ ಕೈಸನ್ನೆಯಲ್ಲಿ ತೋರಿಸಿದರು. ಒಬ್ಬರು ಹೋಮಿಯೋಪತಿ ಎಂದರು. ರಾಷ್ಟ್ರೀಯ ಹೋಮಿಯೋಪತಿ ಸಂಸ್ಥೆಯೇ ಸಾಲ್ಟ್ ಲೇಕಿನಲ್ಲಿರುವ ಊರಿದು; ಆ ಬಿಳಿ ಗುಳಿಗೆಗಳನ್ನು ರಾಯರು ವರ್ಷಗಟ್ಟಲೆ ಚಪ್ಪರಿಸಿಯಾಗಿದೆ. ಗುಣ ಕಾಣಲಿಲ್ಲ, ಆದರೆ ಜತೆಗೆ ಹೆದರಿಸುವ ಚೀಟಿಯೂ ಬರಲಿಲ್ಲ ಎಂಬ ಕೃತಜ್ಞತೆ ಇಂದಿಗೂ ಇದೆ. ಜನ್ಮದಲ್ಲಿ ಮೀನು ಮುಟ್ಟದ ರಾಯರು ಮೀನಿನವನ ಮುಂದೆಯೂ ನಿಂತರು, ಅವನ ಅತ್ತೆ ಅದೇ ಪ್ರಿಗ್ಯಾಬಲಿನ್ ನುಂಗುತ್ತಾಳೆಂದು ಕೇಳಿ. ಈಗ ರಾತ್ರಿಯಿಡೀ ಗಡದ್ದಾಗಿ ನಿದ್ದೆ ಮಾಡುತ್ತಾಳೆ ಎಂದ ಅವನು. ಅತ್ತೆ ಬಾಯಿ ಮುಚ್ಚಿ ಮಲಗಿದರೆ ಅಳಿಯ ಒಳ್ಳೆಯದನ್ನೇ ಹೇಳುತ್ತಾನೆ. ಪಕ್ಷಪಾತದ ಸಾಕ್ಷಿ ಎಂದು ಅದನ್ನೂ ತಳ್ಳಿಹಾಕಿದರು.

ಇಷ್ಟೊಂದು ಅನುಮಾನ ಬೆಳೆದದ್ದಕ್ಕೆ ಕಾರಣ ರಣಹದ್ದು. ಮೊದಲು ರಾಯರು ಅಂಗಡಿಯವನು ಕೊಟ್ಟ ಡೈಕ್ಲೊಫೆನಾಕ್ ನುಂಗುತ್ತಿದ್ದರು. ಆ ಔಷಧಿ ಕೊಟ್ಟ ದನಗಳ ಹೆಣ ತಿಂದು ಹದ್ದುಗಳ ಮೂತ್ರಪಿಂಡ ಕೆಟ್ಟು ಸಂತತಿಯೇ ಕುಸಿಯಿತು, 2006ರಲ್ಲಿ ಭಾರತ ದನಗಳಿಗೆ ಅದನ್ನು ನಿಷೇಧಿಸಿತು ಎಂದು ಓದಿದ ದಿನವೇ ಬಿಟ್ಟರು. ಬಿಟ್ಟದ್ದೂ ಸರಿಯೇ: ನರದ ಉರಿಗೆ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ವರ್ಷಗಟ್ಟಲೆ ನುಂಗಿದರೆ ಮನುಷ್ಯರ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಆದರೆ ಒಂದು ಸಲ ಅನುಮಾನ ನಿಜವಾದ ಮನುಷ್ಯನನ್ನು ಆಮೇಲೆ ಹಿಡಿಯುವವರಿಲ್ಲ.

ಮೊನ್ನೆ ಮಾತ್ರೆಯ ಚೀಟಿ ಬಿಡಿಸಿ ನನ್ನ ಮುಂದೆ ಹಿಡಿದರು. ತಲೆಸುತ್ತು, ತೂಕಡಿಕೆ, ಕಾಲು ಊತ. “ತೂಕ ಏರಬಹುದು” ಎಂಬಲ್ಲಿ ಕೆಂಪು ಗೆರೆ. ತೋರಿಸಿದ ಬೆರಳಿಗೆ ಬಂಗಾಳಿ ಸಿಹಿ ‘ಸಂದೇಶ’ ಮೆತ್ತಿತ್ತು. ಚಳಿಗಾಲ ನೋಡಿ, ಈಚಲು ಬೆಲ್ಲದ ಸಂದೇಶ ಆಗಲೇ ರುಚಿ. “ಇದಕ್ಕೆ ಯಾರೂ ಚೀಟಿ ಇಟ್ಟಿಲ್ಲವಲ್ಲ” ಎಂದರು ರಾಯರು, ಇನ್ನೊಂದನ್ನು ಬಾಯಿಗಿಟ್ಟುಕೊಳ್ಳುತ್ತಾ.

ನನ್ನ ಗುಮಾನಿ ಬೇರೆ. ಉರಿ ತಗ್ಗಿದರೆ ಬೆಂಚಿನಲ್ಲಿ ರಾಯರ ಮಾತು ಕೇಳುವವರು ಯಾರು?

ಇನ್ನು ಓದುಗರಾದ ತಮಗೆ. ಮಾತ್ರೆಯ ಬಗ್ಗೆ ಸಂಶಯವಿದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಪ್ರಿಗ್ಯಾಬಲಿನ್ ಶುರುಮಾಡಿದ ಮೇಲೆ ನೀವಾಗಿ ತಟ್ಟನೆ ನಿಲ್ಲಿಸಬೇಡಿ. ರಾಯರಿಗೆ ಆ ಅಪಾಯವಿಲ್ಲ, ಶುರುಮಾಡಿದರೆ ತಾನೆ! ಸರೋಬರದ ಬಳಿ ಅವರು ಸಿಕ್ಕರೆ ಫುಟ್‌ಬಾಲ್ ಮಾತಾಡಿ, ರಾಜಕೀಯ ಮಾತಾಡಿ. “ಕಾಲು ಹೇಗಿದೆ ರಾಯರೇ?” ಎಂದು ಕೇಳಲೇಬೇಕೆಂದಿದ್ದರೆ ತಿಂಡಿ ಮುಗಿಸಿಕೊಂಡು ಹೋಗಿ.