ಗುಣಿಸಿದರೆ ದಂಡ

ದಸರೆ ಬಂತೆಂದರೆ ಲೋಕವೆಲ್ಲ ಮೈಸೂರಿಗೆ ಬರುತ್ತದೆ. ಮೈಸೂರಿನವರು ಮಾತ್ರ ಎತ್ತ ಓಡೋಣ ಅಂತ ದಾರಿ ಹುಡುಕುತ್ತಾರೆ. ಹೋದ ವರ್ಷ ನಮ್ಮ ಮನೆಯಲ್ಲೂ ಈ ಓಟದ ಸಭೆ ಸೇರಿತು. ಮಕ್ಕಳಿಗೆ ರಜಾ, ನನಗೂ ನಾಲ್ಕು ದಿನ ಬಿಡುವು.

“ಊಟಿಗೆ ಹೋಗೋಣ” ಅಂದೆ. ಹದಿನೇಳರ ಮಗಳು ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. ಹದಿನಾಲ್ಕರ ಮಗ ಎತ್ತಿದ, ನನ್ನನ್ನೊಮ್ಮೆ ನೋಡಿದ, ಮತ್ತೆ ಇಳಿಸಿದ. ಮಸೂದೆ ಬಿದ್ದುಹೋಯಿತು ಅಂತ ಅರ್ಥ.

“ರೀ, ಒಂದ್ಸಲ ಫಾರಿನ್‌ಗೆ ಹೋಗಿ ಬರೋಣ. ಇನ್ನೆರಡು ವರ್ಷಕ್ಕೆ ಇವಳು ಹಾಸ್ಟೆಲಿಗೆ ಹೋಗ್ತಾಳೆ. ಆಮೇಲೆ ಕರೆದರೂ ಬರಲ್ಲ” ಅಂದಳು ಹೆಂಡತಿ. ಈಗಲೂ ಕರೆದರೆ ಊಟದ ಮೇಜಿಗೇ ಬರುವುದಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಮಗಳಿಗೆ ಸಿಯೋಲ್ ಬೇಕು. ಅಲ್ಲಿ ಹಾಡುವ ಹುಡುಗರಿದ್ದಾರೆ. ಮಗನಿಗೆ ಟೋಕಿಯೊ ಬೇಕು. ಅಲ್ಲಿ ಕಾರ್ಟೂನ್ ಇದೆ. ಅದನ್ನು ಕಾರ್ಟೂನ್ ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಹೆಂಡತಿಗೆ ಸಿಂಗಪುರ ಬೇಕು, ಯಾಕೆಂದರೆ ಓರಗಿತ್ತಿ ಹೋಗಿ ಬಂದಿದ್ದಾಳೆ; ಅವಳು ತಂದುಕೊಟ್ಟ ಮ್ಯಾಗ್ನೆಟ್ ಮೂರು ವರ್ಷದಿಂದ ನಮ್ಮ ಫ್ರಿಜ್ಜಿನ ಮೇಲೆ ಕೂತು ಹಲ್ಲು ಕಿರಿಯುತ್ತಿದೆ. ಮೂರಕ್ಕೂ ವೀಸಾ ಬೇಕು, ಮೂರೂ ದುಬಾರಿ. ನಾನು ಮೆಲ್ಲಗೆ “ಕಠ್ಮಂಡು” ಅಂದೆ. “ವೋಟರ್ ಐಡಿ ತೋರಿಸಿ ಹೋಗೋ ಊರು ಅದ್ಯಾವ ಫಾರಿನ್ ಅಪ್ಪಾ?” ಅಂದ ಮಗ. ಅದೂ ಬಿತ್ತು.

ಕೊನೆಗೆ ಎಲ್ಲರೂ ಸಮನಾಗಿ ಬೇಸರ ಪಟ್ಟುಕೊಂಡು ಒಪ್ಪಿದ ಊರು ಕ್ವಾಲಾಲಂಪುರ. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ನಮ್ಮವರಿಗೆ 30 ದಿನದವರೆಗೆ ವೀಸಾ ಮನ್ನಾ ಮಾಡಿದೆ. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಒಂದು ಆಗಮನ ಚೀಟಿ ತುಂಬಿದರೆ ಸಾಕು, ಅದಕ್ಕೆ ಕಾಸಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆ ಚಿಲ್ಲರೆ ದಾರಿ. ಮೈಸೂರಿನಿಂದ ಫ್ಲೈಬಸ್ ಹತ್ತಿ ದೇವನಹಳ್ಳಿ ಏರ್‌ಪೋರ್ಟ್ ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಅಮ್ಮನಿಗೆ ಸುದ್ದಿ ಮುಟ್ಟಿತು. “ಅಲ್ಲೇನಿದೆ?” ಅಂದಳು. ಬಾಟು ಗುಹೆ ಇದೆ, ಸುಬ್ರಹ್ಮಣ್ಯನ ದೇವಸ್ಥಾನ ಅಂದೆ, ಪುಣ್ಯದ ಬಲದಿಂದ ಅನುಮತಿ ಸಿಗಲಿ ಅಂತ. “ಸುಬ್ರಹ್ಮಣ್ಯನ್ನ ನೋಡೋಕೆ ಸಮುದ್ರ ದಾಟಬೇಕೇನೋ? ಕುಕ್ಕೆಗೆ ಹೋಗಿ ಬನ್ನಿ. ಹೆಂಗಸರಿಬ್ಬರಿಗೆ ಬಸ್ಸೂ ಫ್ರೀ.” ಶಕ್ತಿ ಯೋಜನೆಗೆ ಎದುರಾಗಿ ನಿಲ್ಲುವ ವಿಮಾನಯಾನ ಕಂಪನಿ ಇನ್ನೂ ಹುಟ್ಟಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಇನ್ನು ಲೆಕ್ಕ. ನಾಲ್ಕು ಜನ, ಮೂರು ರಾತ್ರಿ, ಒಂದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂತ ಘೋಷಿಸಿ ಇನ್ನೂರು ಪುಟದ ನೋಟ್‌ಬುಕ್ ತಂದೆ. ವಿಮಾನ, ರೂಮು, ಓಡಾಟ, ಊಟ, ಇತರೆ ಅಂತ ಐದು ಕಾಲಂ ಎಳೆದೆ. ‘ಇತರೆ’ಗೆ ಜಾಗ ಕಮ್ಮಿ ಬಿಟ್ಟೆ. ಅದೇ ನಾನು ಮಾಡಿದ ಮೊದಲ ತಪ್ಪು.

ಎರಡನೆಯ ತಪ್ಪು ಮಕ್ಕಳ ಟಿಕೆಟ್ ಅರ್ಧ ಇರುತ್ತದೆ ಅಂದುಕೊಂಡದ್ದು. ವಿಮಾನದವರ ಲೆಕ್ಕದಲ್ಲಿ 12 ದಾಟಿದವರೆಲ್ಲ ದೊಡ್ಡವರು. ಮನೆಯಲ್ಲಿ ತಟ್ಟೆ ಎತ್ತುವ ಲೆಕ್ಕದಲ್ಲಿ ಮಾತ್ರ ಹದಿನೇಳಾದರೂ ಕೂಸುಗಳು. ಶುಕ್ರವಾರಕ್ಕಿಂತ ಮಂಗಳವಾರ ಟಿಕೆಟ್ ಅಗ್ಗ ಅಂತ ಮಗಳು ಕಂಡುಹಿಡಿದಳು. ಅಮ್ಮ ಮಂಗಳವಾರ ಮನೆ ಬಿಟ್ಟು ಹೊರಡಬಾರದು ಅಂದಳು. ಮೂರೂವರೆ ಸಾವಿರ ಉಳಿಯುತ್ತದೆ ಅಂದಾಗ, ಹಿಂದಿನ ದಿನವೇ ಒಂದು ಚೀಲ ಪಕ್ಕದ ಮನೆಯಲ್ಲಿಟ್ಟು ಪ್ರಸ್ಥಾನ ಮಾಡಿದರೆ ದೋಷವಿಲ್ಲ ಅಂತ ಅವಳೇ ಪರಿಹಾರ ಹೇಳಿದಳು. ಶಾಸ್ತ್ರ ನಾವಂದುಕೊಂಡಷ್ಟು ಗಡುಸಲ್ಲ.

ಟಿಕೆಟ್ ಮಾಡಿಸುವ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿದ್ದು ಒಳ್ಳೆಯದಾಯಿತು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು. ಮಗನದು ಅವನ ಒಂಬತ್ತನೇ ವಯಸ್ಸಿನಲ್ಲಿ, ನಾವು ಕೊನೆಗೂ ಹೋಗದ ಯಾವುದೋ ಪ್ರವಾಸಕ್ಕೆ ಮಾಡಿಸಿದ್ದು. ಇನ್ನು ಮೂರು ತಿಂಗಳಿತ್ತು. ಮಲೇಷ್ಯಾಕ್ಕೆ ಆರು ತಿಂಗಳಾದರೂ ಇರಬೇಕು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಪ್ರಯೋಗ 2017ರಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು ಅಂತ ಮಗನಿಗೆ ಹೆಮ್ಮೆಯಿಂದ ಹೇಳಿದೆ. “ಕ್ಯೂ ಆಗಿನಿಂದಾನೂ ಇದೇನಾ?” ಅಂದ. ಹೊಸ ಪಾಸ್‌ಪೋರ್ಟಿನಲ್ಲಿ ಅವನಿಗೆ ಚಿಗುರು ಮೀಸೆ ಬಂದಿದೆ. ಅದೂ ಹದಿನೆಂಟು ತುಂಬುವ ತನಕ ಮಾತ್ರ. ಮೀಸೆ ದಪ್ಪವಾಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಅಗ್ಗದ ಟಿಕೆಟ್ ಅಂದರೆ ಬರೀ ಮನುಷ್ಯನಿಗೆ ಮಾತ್ರ. ಅವನ ಊಟಕ್ಕೆ ಬೇರೆ ದುಡ್ಡು, ಇಷ್ಟದ ಸೀಟಿಗೆ ಬೇರೆ, ಪೆಟ್ಟಿಗೆಗೆ ಬೇರೆ. ಕೈಚೀಲ ತಲೆಗೆ ಏಳೇ ಕೆಜಿ. ಮಗಳ ಮುಖಕ್ಕೆ ಹಚ್ಚುವ ಸಾಮಾನೇ ಎರಡು ಕೆಜಿ ತೂಗಿತು. ಹೆಂಡತಿ ತನ್ನ ಪಾಲಿನಲ್ಲಿ ಪುಳಿಯೋಗರೆ ಗೊಜ್ಜು ಇಟ್ಟಿದ್ದಳು. ಕೈಚೀಲದಲ್ಲಿ ದ್ರವ ಪದಾರ್ಥ ಒಂದೊಂದು ಡಬ್ಬಿಯಲ್ಲಿ 100 ಮಿಲಿಲೀಟರ್ ಮೀರಬಾರದು. ಗೊಜ್ಜು ದ್ರವವೋ ಘನವೋ ಅನ್ನುವುದರ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ಚರ್ಚೆ ನಡೆಯಿತು. ಡಬ್ಬಿ ಬೋರಲು ಹಾಕಿ ನೋಡೋಣ ಅಂದ ಮಗ. ಹಾಕಿದ. ನಿಧಾನಕ್ಕೆ ಇಳಿಯಿತು. ಅದರ ಜಾಗಕ್ಕೆ ಚಟ್ನಿಪುಡಿ ಬಂತು. ಟೇಬಲ್ ಕ್ಲಾತಿನ ಮೇಲೆ ಒಂದು ಕಲೆ ಉಳಿಯಿತು.

ರೂಮು ಎರಡು ಬೇಕು ಅಂದರು ಮಕ್ಕಳು. ಒಂದೇ ಅಂದೆ ನಾನು. ಅಲ್ಲಿ ವಿದೇಶಿಯರಿಗೆ ಒಂದು ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಅಂತ ಓದಿ ಇನ್ನೂ ಗಟ್ಟಿಯಾದೆ. ನಾಲ್ಕು ಹಾಸಿಗೆಯ ಒಂದೇ ಕೋಣೆ ಸಿಕ್ಕಿತು. ಪ್ಲಗ್ಗು ಅಲ್ಲಿಯದು ಚಪ್ಪಟೆ ಮೂರು ಪಿನ್ನಿನದು. ನಾಲ್ಕು ಅಡಾಪ್ಟರ್ ಯಾಕೆ, ಒಂದು ಅಡಾಪ್ಟರ್, ಅದಕ್ಕೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು ಅಂದೆ. ಈ ಒಂದು ಮಾತಿಗೆ ಮಗ ನನ್ನ ಕಡೆ ಗೌರವದಿಂದ ನೋಡಿದ. ಎಸೆಸೆಲ್ಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು ಅಂತ ಹೇಳಿದಾಗಲೂ ಹಾಗೆ ನೋಡಿರಲಿಲ್ಲ.

ಹದಿಹರೆಯದ ಮಕ್ಕಳ ಅಪ್ಪಂದಿರಿಗೆ ನನ್ನದೊಂದು ಸ್ವಂತ ಸಂಶೋಧನೆ ದಾನ ಮಾಡುತ್ತೇನೆ. ಅಲ್ಲಿ ಇಳಿದ ಮೇಲೆ ಸಿಮ್ ಒಂದೇ ಕೊಳ್ಳಿ, ಅದು ನಿಮ್ಮ ಮೊಬೈಲಿನಲ್ಲಿರಲಿ. ಮಿಕ್ಕವರಿಗೆ ಹಾಟ್‌ಸ್ಪಾಟ್. ಮೈಸೂರಿನಲ್ಲಿ ನನ್ನ ಜೊತೆ ದೇವರಾಜ ಮಾರುಕಟ್ಟೆಗೆ ಬಂದರೆ ಇಪ್ಪತ್ತು ಹೆಜ್ಜೆ ಹಿಂದೆ, ಇವರ್ಯಾರೋ ನಂಗೊತ್ತಿಲ್ಲ ಅನ್ನುವಂತೆ ಬರುವ ಮಗಳು, ಕ್ವಾಲಾಲಂಪುರದಲ್ಲಿ ಮೂರು ದಿನ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಹೆತ್ತ ಕರುಳಿಗಿಂತ ಹತ್ತು ಮೀಟರ್ ಸಿಗ್ನಲ್ ಗಟ್ಟಿ.

ದಿನದ ವೇಳಾಪಟ್ಟಿಯನ್ನೂ ಬರೆದಿದ್ದೆ: ಬೆಳಗ್ಗೆ ಏಳಕ್ಕೆ ಏಳುವುದು, ಎಂಟಕ್ಕೆ ತಿಂಡಿ. ಮೊದಲ ಬೆಳಗ್ಗೆಯೇ ಮಗ ಹೊದಿಕೆಯೊಳಗಿಂದ ವಾದ ಹೂಡಿದ: “ಅಪ್ಪಾ, ಇಲ್ಲಿ ಟೈಮು ನಮಗಿಂತ ಎರಡೂವರೆ ಗಂಟೆ ಮುಂದೆ. ನನ್ನ ಬಾಡಿಗೆ ಇನ್ನೂ ನಾಲ್ಕೂವರೆ.” ರಾತ್ರಿ ಹನ್ನೆರಡಾದರೂ ನಿದ್ದೆ ಬರದಿದ್ದಾಗ ಈ ಎರಡೂವರೆ ಗಂಟೆ ಮತ್ತೆ ಅವನ ಪರವಾಗಿಯೇ ಸಾಕ್ಷಿ ಹೇಳಿತು. ಸೋತು, ಗಂಡ ಹೆಂಡತಿ ಇಬ್ಬರೇ ಹೊರಗೆ ಹೋಗಿ ಟೀ ಕುಡಿದೆವು. ಮರುದಿನವೂ ಹೋದೆವು. ಮೂರನೇ ದಿನ ಮಕ್ಕಳು ಬೇಗ ಎದ್ದಾರು ಅಂತ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಬಿದ್ದೆವು.

ಊರು ಜೇಬಿಗೆ ಕರುಣೆ ತೋರಿಸುವ ಊರು. ಪೆಟ್ರೋನಾಸ್ ಅವಳಿ ಗೋಪುರ 452 ಮೀಟರ್. 2004ರವರೆಗೆ ಜಗತ್ತಿನಲ್ಲೇ ಎತ್ತರದ್ದು. ಈಗ ಅದೇ ಊರಿನ ಮರ್ಡೆಕಾ 118 ಅದನ್ನು ಕುಳ್ಳ ಮಾಡಿದೆ. ಗೋಪುರದ ನಡುವಿನ ಸೇತುವೆಗೆ ಟಿಕೆಟ್ಟು. “ಅಲ್ಲಿ ನಿಂತರೆ ಗೋಪುರಾನೇ ಕಾಣಲ್ಲ ಕಣ್ರೋ. ಗೋಪುರ ನೋಡಬೇಕಾದರೆ ಕೆಳಗೇ ನಿಲ್ಲಬೇಕು” ಅಂತ ತತ್ವ ಹೇಳಿ, ಬುಡದ ಉದ್ಯಾನದಲ್ಲಿ ಕೂರಿಸಿದೆ. ರಾತ್ರಿ ಅಲ್ಲಿ ಸಂಗೀತ ಕಾರಂಜಿ, ಪುಕ್ಕಟೆ. ಬೃಂದಾವನ ಕಂಡ ಕಣ್ಣಿಗೆ ಕಾರಂಜಿ ಹೊಸದಲ್ಲ, ಆದರೂ ನೋಡಿದೆವು. ಮಗಳು ನೆಲದ ಮೇಲೆ ಅಂಗಾತ ಮಲಗಿ ಎರಡೂ ಗೋಪುರದ ಜೊತೆ ತಮ್ಮನ ಮೂಗನ್ನೂ ಹಿಡಿಸುವ ಫೋಟೊ ತೆಗೆದಳು. ದಿನಾ ಮಧ್ಯಾಹ್ನ ಮಳೆ ಹುಯ್ಯುತ್ತಿತ್ತು. ಮಾಲ್‌ಗೆ ಹೋಗಲ್ಲ ಅನ್ನುವ ನನ್ನ ಪ್ರತಿಜ್ಞೆ ನೆನೆದು ತೊಪ್ಪೆಯಾಯಿತು.

ಬಾಟು ಗುಹೆಗೆ ಊರಿನಿಂದಲೇ ಲೋಕಲ್ ರೈಲು. ಮುಂದೆ 140 ಅಡಿ ಎತ್ತರದ ಬಂಗಾರ ಬಣ್ಣದ ಮುರುಗ, ಪಕ್ಕದಲ್ಲಿ 272 ಮೆಟ್ಟಿಲು, 2018ರಿಂದ ಅವಕ್ಕೆ ಕಾಮನಬಿಲ್ಲಿನ ಬಣ್ಣ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋಣ ಅಂದರೆ ಮಂಡಿ ನೋವು ಅನ್ನುವ ಮಕ್ಕಳು ಇದನ್ನು ಎರಡು ಸಲ ಹತ್ತಿದರು. ಮೊದಲ ಸಲದ ವಿಡಿಯೊದಲ್ಲಿ ಬೆಳಕು ಸರಿ ಬಂದಿರಲಿಲ್ಲ. ನಮ್ಮ ಬೆಟ್ಟಕ್ಕೂ ಯಾರಾದರೂ ಬಣ್ಣ ಹೊಡೆಸಬಾರದೆ ಅನ್ನಿಸಿತು. ಮಗಳ ಚಡ್ಡಿ ಮಂಡಿಗಿಂತ ಮೇಲಿದ್ದದ್ದರಿಂದ ಬಾಗಿಲಲ್ಲೇ ತಡೆದರು; ಅಲ್ಲೇ ಬಾಡಿಗೆಗೆ ಲುಂಗಿ ಕೊಡುತ್ತಾರೆ. ಹೊರಡುವಾಗ ಅಜ್ಜಿ ಹೇಳಿದ್ದನ್ನೇ ಕೊನೆಗೆ ಮುರುಗನೂ ಹೇಳಿದ. ‘ಇತರೆ: ಲುಂಗಿ ಬಾಡಿಗೆ’ ಅಂತ ಬರೆದೆ.

ಆ ‘ಇತರೆ’ ಊದಿಕೊಂಡಿದ್ದು ಮಾತ್ರ ಬೇರೆ ಕಾರಣಕ್ಕೆ. ಆಗ ಒಂದು ರಿಂಗಿಟ್ಟಿಗೆ ಇಪ್ಪತ್ತು ರೂಪಾಯಿ ಆಸುಪಾಸು. ನಾನು ಏನು ಕಂಡರೂ ಇಪ್ಪತ್ತರಿಂದ ಗುಣಿಸುತ್ತಿದ್ದೆ. “ನೀರಿನ ಬಾಟ್ಲಿಗೆ ನಲವತ್ತಾಯ್ತು! ಐಸ್‌ಕ್ರೀಮಿಗೆ ಇನ್ನೂರು! ಇಷ್ಟಕ್ಕೆ ನಮ್ಮೂರಲ್ಲಿ…” ಈ ‘ನಮ್ಮೂರಲ್ಲಿ’ ಅನ್ನುವುದು ಬಂದ ಕೂಡಲೇ ಮೂವರೂ ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಮಗಳಿಗೊಂದು ಹುಚ್ಚು ಹತ್ತಿತ್ತು. ಬೋರ್ಡು ಬೋರ್ಡಿನಲ್ಲೂ ಗೊತ್ತಿರುವ ಪದ ಹುಡುಕುವುದು. ಭಾಷೆಗೆ ಅವರು ಬಹಾಸಾ ಅಂತಾರೆ, ಭೂಮಿಗೆ ಬೂಮಿ. ಹಾಸ್ಟೆಲಿಗೆ ಆಸ್ರಮಾ! “ಆಶ್ರಮದಲ್ಲಿ ವೈಫೈ ಇರುತ್ತಾ?” ಅಂದ ಮಗ. ಗಂಡನಿಗೆ ಸುಆಮಿ ಅಂತಾರೆ ಅಂದಾಗ ನಾನು ಎದೆ ಸೆಟೆಸಿದೆ. ಹೆಂಡತಿಗೆ ಇಸ್ತೆರಿ ಅಂತಾರಂತೆ. “ಸಮುದ್ರ ದಾಟಿ ಬಂದರೂ ನನಗೆ ಇಸ್ತ್ರಿ ತಪ್ಪಲಿಲ್ಲವಲ್ಲ” ಅಂದಳು ಅವಳು. ಎಲ್ಲಕ್ಕಿಂತ ಮಿಗಿಲಾದದ್ದು ಹೋಟೆಲಿನಲ್ಲಿ ಸಿಕ್ಕಿತು. ನಮ್ಮ ದೋಸೆಗೆ ಅಲ್ಲಿ ತೋಸೈ ಅಂತ ಬರೆಯುತ್ತಾರೆ. ಅವರ ಭಾಷೆಯಲ್ಲಿ ದೋಸಾ ಅಂದರೆ ಪಾಪ! ನಮ್ಮ ದೋಷ ಅಲ್ಲಿಗೆ ಹೋಗಿ ಹಾಗಾಗಿದೆ. ಮೈಸೂರಿನ ಮೈಲಾರಿ ಹೋಟೆಲಿನಲ್ಲಿ ನಾನು ಇಷ್ಟು ವರ್ಷ ಸಾಲಾಗಿ ಮಾಡಿದ ಪಾಪಗಳನ್ನು ಮಕ್ಕಳು ಬೆಣ್ಣೆಯ ಸಮೇತ ಲೆಕ್ಕ ಹಾಕಿದರು.

ಎರಡನೇ ದಿನ ರೈಲಿನಲ್ಲಿ ಮಗಳ ಕಣ್ಣಿಗೆ ಬಿತ್ತು ‘ದೆಂಡಾ’. ದಂಡ. ಅಲ್ಲೇ ಕಾಯಿದೆ ಜಾರಿಯಾಯಿತು: ಅಪ್ಪ ಗುಣಿಸಿದರೆ ಸಲಕ್ಕೆ ಒಂದು ರಿಂಗಿಟ್. ಹೆಂಡತಿ ಖಜಾಂಚಿ. ಮೊದಲ ಗಂಟೆಯಲ್ಲೇ ಆರು ಬಿತ್ತು. ಮನಸ್ಸಿನಲ್ಲೇ ಗುಣಿಸಿದೆ, ತುಟಿ ಅಲ್ಲಾಡಿತು ಅಂತ ಮಗ ಹಿಡಿದ. ಇದು ಅನ್ಯಾಯ, ಒಂದು ರಿಂಗಿಟ್ ಅಂದರೆ ಇಪ್ಪತ್ತು ರೂಪಾಯಿ ಅಂದೆ. ಅದಕ್ಕೂ ಬಿತ್ತು.

ಕೊನೆಯ ರಾತ್ರಿ ಖಜಾನೆಯಲ್ಲಿ 34 ರಿಂಗಿಟ್ ಇತ್ತು. “ಇವತ್ತು ನಮ್ಮ ಟ್ರೀಟು” ಅಂದರು ಮಕ್ಕಳು. ಹನ್ನೊಂದು ದಾಟಿದ ಮೇಲೂ ತೆರೆದಿರುವ ಮಾಮಕ್ ಅಂಗಡಿಗೆ ಹೋದೆವು. ತಮಿಳು ಮುಸ್ಲಿಮರು ನಡೆಸುವ, ರಸ್ತೆಗೇ ಮೇಜು ಹಾಕಿರುವ ಹೋಟೆಲುಗಳು ಇವು. ಗೋಪುರದ ಹಾಗೆ ನಿಲ್ಲಿಸಿದ ಟಿಶ್ಯೂ ರೋಟಿ ಬಂತು. ಎತ್ತರದಿಂದ ಸುರಿದು ನೊರೆ ಎಬ್ಬಿಸಿದ ತೆಹ್ ತಾರಿಕ್ ಬಂತು. ‘ಎಳೆದ ಟೀ’ ಅಂತ ಅರ್ಥ, ಅದನ್ನೂ ಮಗಳೇ ಹೇಳಿದಳು. ಆಮೇಲೆ ಲೋಟದ ನೊರೆ ನೋಡುತ್ತಾ, ಅದೇ ದನಿಯಲ್ಲಿ ಅಂದಳು:

“ಅಪ್ಪಾ, ನಂಗೆ ಇಂಜಿನಿಯರಿಂಗ್ ಬೇಡ. ಭಾಷೆ ಬಗ್ಗೆ ಓದಬೇಕು. ಈ ಪದಗಳೆಲ್ಲ ಹೆಂಗೆ ಇಲ್ಲಿಗೆ ಬಂದ್ವು ಅಂತ.”

ಮನೆಯಲ್ಲಿ ಒಂದು ವರ್ಷದಿಂದ ‘ಹ್ಞೂಂ’ ಮತ್ತು ‘ಬೇಡ’ದಲ್ಲೇ ಸಂಸಾರ ತೂಗಿಸುತ್ತಿದ್ದ ಹುಡುಗಿ. ಹೆಂಡತಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ, ದೇವರಾಣೆ. ಎರಡು ವರ್ಷದ ಕೋಚಿಂಗಿಗೆ ಕಟ್ಟಿದ್ದ ಫೀಸು, ನಾಲ್ಕು ಕಂತು, ಒಂದೊಂದು ಕಂತಿಗೆ ಇಷ್ಟು ಅಂದರೆ…

ಮಗ ಮೇಜಿನಾಚೆಯಿಂದ ಕೈ ಚಾಚಿದ. “ತುಟಿ ಅಲ್ಲಾಡ್ತು.”

“ಲೋ, ಇದು ರಿಂಗಿಟ್ ಲೆಕ್ಕ ಅಲ್ವೋ, ರೂಪಾಯಿದು.”

“ಗುಣಿಸಿದ್ರೋ ಇಲ್ವೋ?”

ಜೇಬಿನಲ್ಲಿ ಉಳಿದಿದ್ದ ಕೊನೆಯ ಒಂದು ರಿಂಗಿಟ್ ನೋಟು ತೆಗೆದು ಅವನ ಕೈಗಿಟ್ಟೆ. ಮಗಳಿಗೆ ಇನ್ನೊಂದು ಟೀ ಹೇಳಿದೆ.